ಸದ್ದಿಲ್ಲದ ಕಂಪ್ರೆಸರ್

ಮೈದುನ ಫ್ರಿಜ್ಜಿನ ಪ್ಲಗ್ ಕಿತ್ತು, ಅದರ ಜಾಗಕ್ಕೆ ಉದ್ದನೆಯ ವಯರೊಂದನ್ನು ಸಿಕ್ಕಿಸಿ, ಟೇಬಲ್ ಫ್ಯಾನನ್ನು ನಡುಮನೆಗೆ ಹೊತ್ತುಕೊಂಡು ಹೋದ. ಅಲ್ಲಿ ಅವಳ ಗಂಡನ ಶವವಿತ್ತು, ಬಂದವರಿಗೆಲ್ಲ ಸೆಕೆ. ಅವಳು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದಳು. ಮೈದುನ ವಾಪಸು ಬರುವಷ್ಟರಲ್ಲಿ ಫ್ರಿಜ್ಜು ತನ್ನ ಮಾಮೂಲಿ ಗುಂಯ್‌ಗುಡುವಿಕೆ ಶುರು ಮಾಡಿತು.

"ಪ್ಲಗ್ ಕಿತ್ತೆಯಲ್ಲಪ್ಪ, ಮತ್ತೆ ಹೇಗೆ ಸದ್ದು ಮಾಡ್ತಿದೆ?"

ಅವನು ಫ್ರಿಜ್ಜಿಗೆ ಕಿವಿಗೊಟ್ಟ. "ಇದಲ್ಲ ಅತ್ತಿಗೆ. ಗೋಡೆ ಆಚೆಯಿಂದ ಬರ್ತಿದೆ."

ಲೋಟ ತೊಳೆಯುತ್ತಿದ್ದ ಮಗಳ ಕೈ ನಿಂತಿತು.

ಗೋಡೆಯ ಆಚೆಗಿದ್ದುದು ಗಂಡನ ಕೋಣೆ. ದಂತವೈದ್ಯರಿಗೆ ಹಲ್ಲಿನ ಸೆಟ್ಟು ಮಾಡಿಕೊಡುವುದು ಅವನ ಕಸುಬು. ಬೀದಿಯವರ ಬಾಯಲ್ಲಿ ಅವನು ಹಲ್ಲಪ್ಪ. ಅಚ್ಚಿನ ಪುಡಿ ಹಾರುತ್ತದೆ, ನಿನಗೆ ಆಗಿಬರುವುದಿಲ್ಲ ಎಂದು ಅವಳನ್ನು ಒಳಗೆ ಬಿಟ್ಟುಕೊಂಡವನೇ ಅಲ್ಲ.

*

ಅವನಿಗೊಂದು ಹುಚ್ಚಿತ್ತು. ಅಂಗೈಯಗಲದ ಆಟಿಕೆ ಹಡಗುಗಳನ್ನು ಜೋಡಿಸಿ, ಏರ್‌ಬ್ರಷ್ ಹಿಡಿದು ಬಣ್ಣ ಊದುವುದು. ಊದುವುದಕ್ಕೆ ಗಾಳಿ ಬೇಕು, ಗಾಳಿಗೆ ಕಂಪ್ರೆಸರ್ ಬೇಕು. ಮೊದಲು ತಂದದ್ದು ಪಂಕ್ಚರ್ ಅಂಗಡಿಯಲ್ಲಿ ಇರುವಂಥದ್ದು. ಅದು ಶುರುವಾದರೆ ತಟ್ಟೆ ಲೋಟಗಳೆಲ್ಲ ನಡುಗುತ್ತಿದ್ದವು. ಅವಳಿಗೋ ಅರೆತಲೆನೋವು. ಒಂದು ದಿನ ತಲೆಗೆ ಬಟ್ಟೆ ಬಿಗಿದುಕೊಂಡು, "ಈ ಮನೇಲಿ ನಾನಿರ್ಬೇಕು, ಇಲ್ಲ ಅದಿರ್ಬೇಕು" ಅಂದುಬಿಟ್ಟಳು.

ಅವನು ಅದನ್ನು ಮಾರಿ ಬಂದ. "ನಿನಗಿಂತ ಹಡಗು ಹೆಚ್ಚಾ? ಇವತ್ತಿಗೆ ಬಿಟ್ಟೆ ಕಣೇ," ಅಂದ.

ತಾನೂ ಏನಾದರೂ ಬಿಡದಿದ್ದರೆ ಅವಳಿಗೆ ಸರಿಯಲ್ಲ ಅನ್ನಿಸಿತು. ಮದುವೆಗೆ ಮುಂಚಿನಿಂದ ತುಳಿಯುತ್ತಿದ್ದ ಹೊಲಿಗೆಯಂತ್ರವೊಂದಿತ್ತು; ಅದರ ಟಕಟಕಕ್ಕೆ ಮಧ್ಯಾಹ್ನ ಕಣ್ಣು ಮುಚ್ಚೋಕಾಗಲ್ಲ ಎಂದು ಅವನು ಗೊಣಗುತ್ತಿದ್ದ. ಬೀದಿಯ ಹೆಂಗಸರು ಅಳತೆ ಕೊಡಲು ಬರುತ್ತಿದ್ದುದು, ಟೇಲರಮ್ಮ ಎಂದು ಕರೆಯುತ್ತಿದ್ದುದು ಅದರಿಂದಲೇ. ಅದನ್ನು ಮೂಲೆಯಂಗಡಿಯ ದರ್ಜಿಗೆ ಕೊಟ್ಟುಬಿಟ್ಟಳು. ಹೊತ್ತುಕೊಂಡು ಹೋಗಿ ಕೊಟ್ಟು ಬಂದವನು ಗಂಡನೇ. ಬಂದವನು ಅವಳ ಭುಜ ತಟ್ಟಿದ. ಆಮೇಲೆ ಅವಳನ್ನು ಯಾರೂ ಟೇಲರಮ್ಮ ಅನ್ನಲಿಲ್ಲ, ಹಲ್ಲಪ್ಪನ ಹೆಂಡತಿ ಅಂದರು.

*

"ಕೋಣೆ ಕೀಲಿ ಕೊಡು," ಎಂದು, ಅದಕ್ಕೆ ಬೀಗ ಹಾಕಿಟ್ಟಿದ್ದ ಮಗಳ ಮುಂದೆ ಕೈ ಚಾಚಿದಳು.

"ಈಗ ಬೇಡಮ್ಮ."

"ಕೊಡು ಅಂದೆ."

ಕೋಣೆಯ ತುಂಬ ಹಡಗುಗಳು. ಮೇಜಿನ ಮೇಲೆ ಅರ್ಧ ನೀಲಿಯಾದದ್ದೊಂದು. ಕೆಳಗೆ ರಬ್ಬರ್ ಚಾಪೆಯ ಮೇಲೆ ಪುಟ್ಟ ಟ್ಯಾಂಕು, ಅದರ ಬೆನ್ನಿಗೆ ಫ್ರಿಜ್ಜಿನಲ್ಲಿರುವಂಥದೇ ಕರಿ ಮೋಟಾರು. ಮೊನ್ನೆ ಎದೆ ಹಿಡಿದುಕೊಂಡು ಹೊರಬಂದವನು ಸ್ವಿಚ್ಚು ಆರಿಸಿರಲಿಲ್ಲ. ಎಲ್ಲೋ ಗಾಳಿ ಸೋರಿ ಟ್ಯಾಂಕಿನ ಒತ್ತಡ ಇಳಿದಾಗಲೆಲ್ಲ ಮೋಟಾರು ತಾನಾಗಿ ಶುರುವಾಗಿ ತುಂಬಿಸುತ್ತಿತ್ತು. ಅವಳು ನೋಡುತ್ತಿದ್ದಂತೆಯೇ ತುಂಬಿ ಸುಮ್ಮನಾಯಿತು.

"ಯಾವಾಗ ತಂದಿದ್ದು?"

"ಹಳೇದು ಮಾರಿದ ದಿನವೇ. ನನ್ನನ್ನೂ ಕರ್ಕೊಂಡು ಹೋಗಿದ್ರು. ಅಂಗಡಿಯವನು ಒಂದೊಂದೇ ಹಾಕಿ ತೋರಿಸೋನು. ಅದರ ಆಚೆ ಬದಿ ನನ್ನ ನಿಲ್ಲಿಸಿ ಅಪ್ಪ ಪಿಸುಗುಟ್ಟೋರು. ನನಗೆ ಕೇಳ್ಸಿದ್ರೆ ಪಾಸು. ಇದೊಂದೇ ಪಾಸಾಗಿದ್ದು."

"ಏನಂತ ಪಿಸುಗುಟ್ಟಿದ್ರು?"

ಮಗಳು ನೆಲ ನೋಡಿದಳು. "ನಿಮ್ಮಮ್ಮಂಗೆ ಹೇಳ್ಬೇಡ, ಅಂತ."

"ನಾನು ಹೊಲಿಗೆ ಮೆಷಿನ್ ಕೊಟ್ಟಾಗ ಇದು ಇಲ್ಲೇ ಇತ್ತು?"

"ಹೂಂ."

"ನೀನೂ ನೋಡ್ತಾ ನಿಂತಿದ್ದೆ."

"ಅಪ್ಪ ಮಾತು ತಗೊಂಡಿದ್ರಮ್ಮ."

ಫ್ರಿಜ್ಜು ಸದ್ದು ಮಾಡುತ್ತದೆ, ಬದಲಾಯಿಸೋಣ ಅಂದಾಗಲೆಲ್ಲ, "ಪಾಪ, ಅದರ ಪಾಡಿಗೆ ಅದು ಗೊಣಗಲಿ ಬಿಡು" ಅಂದಿದ್ದನಲ್ಲ. ಸತ್ತವನ ಮೇಲೆ ಸಿಟ್ಟಾಗಬಾರದಂತೆ. ಮತ್ತೆ ಯಾರ ಮೇಲೆ ಆಗಬೇಕು?

ಮೈದುನ ಬಾಗಿಲಿಗೆ ಬಂದ. "ಅತ್ತಿಗೆ, ಗಾಡಿ ಬಂತು. ಕೊನೇ ಸಲ ಮುಖ ನೋಡ್ಬನ್ನಿ."

ಅವಳು ಬಗ್ಗಿದಳು. ಟ್ಯಾಂಕಿನ ಹೊಟ್ಟೆಯಡಿ ತಿರುಪೊಂದಿತ್ತು. ಹಳೆಯದನ್ನು ಹಿತ್ತಲಿಗೆ ತಂದು, ಒಳಗೆ ಕಟ್ಟಿದ ನೀರಿಳಿಸಲು ಗಂಡ ಅಂಥದನ್ನು ತಿರುಗಿಸುತ್ತಿದ್ದುದನ್ನು ಕಂಡಿದ್ದಳು. ತಿರುಗಿಸಿದಳು. ಗಾಳಿ ಬುಸ್ಸೆಂದು ಹೊರನುಗ್ಗಿತು. ನಡುಮನೆಯ ಮಾತೆಲ್ಲ ನಿಂತಿತು. "ಏನದು ಸದ್ದು?" ಎಂದು ಯಾರೋ ಕೇಳಿದರು.

"ಮುಚ್ಚಮ್ಮ, ಎಲ್ಲರಿಗೂ ಕೇಳ್ಸುತ್ತೆ," ಎಂದು ಮಗಳು ಕೈ ಹಿಡಿದಳು.

ಟ್ಯಾಂಕಿನ ಮೇಲಿನ ಒತ್ತಡದ ಮುಳ್ಳು ಇಳಿಯುತ್ತ ಇಳಿಯುತ್ತ ಒಂದು ಗೆರೆ ಮುಟ್ಟಿತು. ಮೋಟಾರು ಮೆಲ್ಲಗೆ ಗುಂಯ್ ಎಂದು ಮತ್ತೆ ಟ್ಯಾಂಕು ತುಂಬಿಸತೊಡಗಿತು. ಅವಳು ತಿರುಪನ್ನು ಇನ್ನೊಂದು ಸುತ್ತು ಬಿಚ್ಚಿದಳು.