ಜನರಲ್ ಬೀಗರ ಗ್ಲಾಸು

ಶಿವಮ್ಮನಿಗೂ ಅವಳ ಬೀಗ ಜನರಲ್ ಅರ್ಕಾದಿಗೂ ಎಣ್ಣೆ ಸೀಗೇಕಾಯಿ. ಅಡಿಲೇಡ್‌ನ ಪ್ರಾಸ್ಪೆಕ್ಟ್ ಬಡಾವಣೆಯಲ್ಲಿದ್ದ ಮಗನ ಮನೆಗೆ ಒಂದೇ ಅಡುಗೆಮನೆ, ಹಟಮಾರಿ ಮುದಿಜೀವಗಳು ಮಾತ್ರ ಎರಡು. ನಂಜನಗೂಡಿನಿಂದ ಮಾಸ್ಕೋಗೆ ಡಾಕ್ಟರಿಕೆ ಓದಲು ಹೋದ ಮಗ ಸುಹಾಸ, ಡಿಗ್ರಿಯ ಜೊತೆಗೆ ಜನರಲ್‌ನ ಮಗಳು ಇರೀನಾಳನ್ನೂ ಕಟ್ಟಿಕೊಂಡು ಇಲ್ಲಿಗೆ ಬಂದು ನೆಲೆಸಿದ್ದ. ಸೊಸೆ ಬಂಗಾರ, ಕನ್ನಡವನ್ನೂ ಕಲಿತಳು. ಬಂಗಾರದ ಹಿಂದೆ ಈ ಕಬ್ಬಿಣದ ಗುಂಡೂ ಉರುಳಿಕೊಂಡು ಬರುತ್ತದೆಂದು ಯಾರಿಗೆ ಗೊತ್ತಿತ್ತು!

ಶಿವಮ್ಮ ಒಗ್ಗರಣೆ ಹಾಕಿದರೆ ಸಾಕು, ಆತ ಕೆಮ್ಮುತ್ತಾ ಬಂದು ಕಿಟಕಿಗಳನ್ನೆಲ್ಲ ದಡದಡ ತೆರೆಯುತ್ತಿದ್ದ. ಮೊಮ್ಮಗಳಿಗೆ ಅವಳು ಆಸೆಪಟ್ಟು ನಿಕಿತಾ ಎಂದು ಹೆಸರಿಟ್ಟರೆ, ಅವರ ದೇಶದಲ್ಲಿ ಅದು ಗಂಡಸರ ಹೆಸರಂತೆ. ಆ ಹೆಸರಿನಿಂದ ಆತ ಒಮ್ಮೆಯೂ ಕರೆಯಲಿಲ್ಲ. ಮಗುವನ್ನು ‘ಸೋಲ್ಜರ್’ ಎಂದೇ ಕೂಗುತ್ತಿದ್ದ.

ಆತನ ಪ್ರತಾಪವೇನು ಕಮ್ಮಿಯೇ? ಮೀಸೆ ಚಿಗುರುವಾಗಲೇ ಟ್ಯಾಂಕು ಹತ್ತಿದವನು. ಹಂಗೇರಿಗೆ ನುಗ್ಗಿದ್ದ, ಜನರಲ್ಲಾಗಿ ಅಫ್ಘಾನಿಸ್ತಾನದಲ್ಲಿ ದಂಡು ನಡೆಸಿದ್ದ. ಕೊನೆಗೆ ಆತ ಸೆಲ್ಯೂಟ್ ಹೊಡೆಯುತ್ತಿದ್ದ ಸೋವಿಯತ್ ದೇಶವೇ ಇಲ್ಲದಂತಾಯಿತು. ಉಳಿದದ್ದು ಒಂದು ಪೆಟ್ಟಿಗೆ ಪದಕ.

“ಇದ್ದ ದೇಶ ಕಳ್ಕೊಂಡು, ನನ್ ಅಡಿಗೆಮನೆ ಗೆಲ್ಲಕ್ಕೆ ಬಂದವ್ನೆ,” ಎಂದು ಶಿವಮ್ಮ ಪರ್ತ್‌ನ ಮೋರ್ಲಿಯಲ್ಲಿದ್ದ ಮಗಳು ಸ್ಪಂದನಾಳಿಗೆ ಫೋನಿನಲ್ಲಿ ಹೇಳಿ ಹೊಟ್ಟೆಯುರಿ ತೀರಿಸಿಕೊಳ್ಳುತ್ತಿದ್ದಳು.

ಹಾಲಿನ ಗೂಡಿನಲ್ಲಿ ಇರೀನಾ ಎರಡು ಫೋಟೋ ಇಟ್ಟಿದ್ದಳು. ಒಂದು ಶಿವಮ್ಮನ ಗಂಡ ಬಸವಂತಪ್ಪನದು, ಇನ್ನೊಂದು ಜನರಲ್‌ನ ಹೆಂಡತಿ ಗಲೀನಾಳದು. ಅವೆರಡೇ ಆ ಮನೆಯಲ್ಲಿ ಜಗಳವಾಡದೆ ಪಕ್ಕಪಕ್ಕ ಕೂತಿದ್ದವು.

ಅಂದು ಮಧ್ಯಾಹ್ನ ಅಂಗಡಿಯಿಂದ ಕೊತ್ತಂಬರಿ ಸೊಪ್ಪು ತಂದ ಶಿವಮ್ಮನ ಕಣ್ಣು ಗೂಡಿನ ಮೇಲೆ ಬಿತ್ತು. ಗಲೀನಾಳ ಮುಂದೆ ತುಂಬಿದ ಗ್ಲಾಸು, ಅದರ ಬಾಯಿಗೆ ಮುಚ್ಚಿದ ಕಪ್ಪು ಬ್ರೆಡ್ಡಿನ ತುಂಡು. ಮೂಸಿದಳು. ಶಿವಶಿವಾ, ಹೆಂಡ! ಅದೂ ಹೆಂಡದಂಗಡಿ ಬೀದಿಗೂ ಕಾಲಿಡದ ಪುಣ್ಯಾತ್ಮನ ಪಕ್ಕದಲ್ಲಿ! ಗ್ಲಾಸನ್ನು ಸಿಂಕಿಗೆ ಸುರಿದು, ಬ್ರೆಡ್ಡನ್ನು ಕಸದ ಡಬ್ಬಿಗೆ ಎಸೆದು, ಕೈಯನ್ನು ಮೂರು ಸಲ ತೊಳೆದಳು.

ಜನರಲ್ ಬಂದು ಗ್ಲಾಸಿಲ್ಲದ ಗೂಡನ್ನು ನೋಡಿದ. ನೊಣ ಕೂತರೂ ಗುಡುಗುವ ಮನುಷ್ಯ ಅಂದು ಸೀದಾ ತಿರುಗಿ ನಡೆದ. ಕೋಣೆಗೆ ಹೋಗಿ ಸೂಟ್‌ಕೇಸ್ ತೆಗೆದ.

ಅಪ್ಪನಿಂದ ಫೋನಿನಲ್ಲೇ ಎಲ್ಲ ಕೇಳಿ, ಸಂಜೆ ಕೆಲಸದಿಂದ ಬಂದ ಇರೀನಾ ಬ್ಯಾಗು ಕೂಡ ಕೆಳಗಿಡಲಿಲ್ಲ. “ಅತ್ತೆ, ನೀವು ಚೆಲ್ಲಿದ್ದು ಏನು ಗೊತ್ತಾ? ಇವತ್ತು ನಮ್ಮಮ್ಮ ತೀರಿಹೋದ ದಿನ. ಅದು ನಮ್ಮಮ್ಮನ ಎಡೆ.”

ಶಿವಮ್ಮ ಸಿಂಕಿನ ಕಡೆ ತಿರುಗಿ ನೋಡಿದಳು.

“ಯುದ್ಧದ ಹಸಿವಲ್ಲಿ, ಅಪ್ಪ ಅಮ್ಮ ಇಬ್ರೂ ಚಿಕ್ಕ ಮಕ್ಕಳಾಗಿದ್ದಾಗ, ತನ್ನ ಪಾಲಿನ ಬ್ರೆಡ್ ಮುರಿದು ಅಪ್ಪನ್ನ ಬದುಕಿಸಿದ್ದು ಅವಳು. ಪಿತೃಪಕ್ಷದಲ್ಲಿ ಮಾವನವರಿಗೆ ನಾನು ಪ್ರತಿವರ್ಷ ಎಡೆ ಇಡ್ತೀನಲ್ಲ, ಅಪ್ಪ ಯಾವತ್ತಾದ್ರೂ ಅದನ್ನ ಮುಟ್ಟಿದ್ರಾ?” ಅವಳು ಬ್ಯಾಗನ್ನು ಮೇಜಿನ ಮೇಲೆ ಎಸೆದಳು. “ಅಪ್ಪ ನಾಳೆ ಬ್ರಿಸ್ಬೇನ್‌ಗೆ, ನನ್ನ ಅಣ್ಣನ ಮನೆಗೆ ಹೊರಟಿದ್ದಾರೆ. ಈ ವಯಸ್ಸಲ್ಲಿ ಒಬ್ಬರನ್ನೇ ಕಳಿಸಕ್ಕಾಗಲ್ಲ. ನಾನೂ ನಿಕಿತಾನೂ ಹೋಗ್ತೀವಿ. ಯಾವಾಗ ಬರ್ತೀವೋ ಗೊತ್ತಿಲ್ಲ.”

ಹಿಂದೆಯೇ ಬಂದ ಸುಹಾಸ ತಾಯಿಯ ಮುಖವನ್ನೇ ನೋಡಲಿಲ್ಲ. “ಅಮ್ಮಾ, ನೀನೂ ಸ್ವಲ್ಪ ದಿನ ಪರ್ತ್‌ಗೆ ಹೋಗಿರು,” ಎಂದ.

ನಿಕಿತಾ ಇಲ್ಲದ ಮನೆ! ಶಿವಮ್ಮ ಗಂಡನ ಫೋಟೋದ ಎದುರು ಹೋಗಿ ಕೂತಳು. ಕುಡಿಯುವವರ ಮನೆಯಲ್ಲಿ ಹಿರಿಯರ ಎಡೆಗೆ ಸಾರಾಯಿ, ಬೀಡಿ ಇಡುತ್ತಾರೆಂದು ಅವಳಿಗೇನು ತಿಳಿಯದೆ? ಎಡೆಗೆ ಕೈಹಾಕಿದವರು ಉದ್ಧಾರವಾಗುವುದಿಲ್ಲ ಎಂದು ಊರಿಗೆಲ್ಲ ಬುದ್ಧಿ ಹೇಳಿದವಳೂ ಅವಳೇ. ಥೂ, ಎಂಥ ಕೆಲಸ ಮಾಡಿಬಿಟ್ಟೆ ಎಂದು ತನ್ನನ್ನೇ ಬೈದುಕೊಂಡಳು.

ಎದ್ದು ಸ್ನಾನ ಮಾಡಿ ವಿಭೂತಿ ಹಚ್ಚಿದಳು. ಸೆರಗನ್ನು ಮೂಗಿಗೆ ಒತ್ತಿ ಹಿಡಿದು, ಜನರಲ್‌ನ ಬಾಟಲಿಯಿಂದ ಗ್ಲಾಸಿನ ಕಂಠದವರೆಗೆ ಸುರಿದಳು. ದಪ್ಪಗೆ ಬ್ರೆಡ್ ಕೊಯ್ದು ಮೇಲಿಟ್ಟು, ಗಲೀನಾಳ ಮುಂದೆ ಇಟ್ಟು ಕೈಮುಗಿದಳು.

“ತಪ್ಪಾಯ್ತು ಕಣವ್ವಾ. ನಿಧಾನಕ್ಕೆ ಕುಡಿ.”

ತಿರುಗಿದರೆ ಬಾಗಿಲಲ್ಲಿ ಜನರಲ್, ಪಕ್ಕದಲ್ಲಿ ನಾಳೆಗೆಂದು ತುಂಬಿಟ್ಟ ಸೂಟ್‌ಕೇಸ್. ಮುಖದಲ್ಲಿ ನಗುವಿನ ಸುಳಿವೂ ಇಲ್ಲ. ಹತ್ತಿರ ಬಂದು, ಸೊಟ್ಟಗಿದ್ದ ಬ್ರೆಡ್ಡನ್ನು ಬೆರಳಲ್ಲಿ ನೆಟ್ಟಗೆ ಮಾಡಿದ. ಆಮೇಲೆ ಅಡುಗೆಮನೆಗೆ ಹೋಗಿ ಇನ್ನೊಂದು ಗ್ಲಾಸು ತುಂಬಿ ತಂದು, ಬ್ರೆಡ್ ಮುಚ್ಚಿ, ಸೀದಾ ಬಸವಂತಪ್ಪನ ಫೋಟೋದ ಮುಂದೆ ಇಟ್ಟು, ಗೌರವ ಸಲ್ಲಿಸುವ ಸಿಪಾಯಿಯಂತೆ ಎದೆ ಸೆಟೆದು ನಿಂತ.

“ಅಯ್ಯೋ ಪಾಪಿ!” ಶಿವಮ್ಮನ ರಕ್ತ ಕುದಿಯಿತು. “ನಮ್ಮೆಜಮಾನ್ರಿಗೆ ಹೆಂಡ ಇಡ್ತೀಯಾ!” ಕೈ ಚಾಚಿ ಗ್ಲಾಸನ್ನು ಹಿಡಿದೇಬಿಟ್ಟಳು.

ಜನರಲ್ ಅವಳ ಕೈಯನ್ನೇ ನೋಡುತ್ತಿದ್ದ. ಸೂಟ್‌ಕೇಸ್ ಇನ್ನೂ ಬಾಗಿಲಲ್ಲೇ ಇತ್ತು.

ಶಿವಮ್ಮ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡಳು.

“ಇವತ್ತೊಂದಿನ ಸುಧಾರಿಸ್ಕಳಿ, ರೀ,” ಎಂದು ಗಂಡನ ಫೋಟೋಗೆ ಹೇಳಿದಳು. ಆಮೇಲೆ, “ಏನ್ ಭಾರ! ಬರೀ ಪದಕಾನೇ ತುಂಬವ್ನೆ, ಮುದಿಯ,” ಎಂದು ಗೊಣಗುತ್ತಾ ಸೂಟ್‌ಕೇಸನ್ನು ಎಳೆದುಕೊಂಡು ಹೋಗಿ ಆತನ ಮಂಚದ ಕೆಳಗೆ ತಳ್ಳಿದಳು.