ಒಡೆದ ದನಿಗೊಂದು ಶ್ರುತಿ

ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವಳ ದನಿ ಮೊದಲಿನಂತೆ ಬರಲೇ ಇಲ್ಲ. ಗಾಯನ ತಂಡದಲ್ಲಿ ಎಲ್ಲರಿಗಿಂತ ಮೇಲಿನ ಸ್ವರ ಹಾಡುತ್ತಿದ್ದವಳು. ಈಗ ಬಾಯಿ ತೆರೆದರೆ ಎಣ್ಣೆ ಕಾಣದ ಬಾಗಿಲಿನ ಸದ್ದು. ಮಾತಿಗೇನೂ ತೊಂದರೆಯಿಲ್ಲ ಎಂದರು ವೈದ್ಯರು. ಅವಳು ಅತ್ತದ್ದು ಮಾತಿಗಲ್ಲ. ತಂಡ ಬಿಟ್ಟಳು. ಮನೆಯಲ್ಲಿ ಯಾರಾದರೂ ಹಾಡು ಹಾಕಿದರೆ ಎದ್ದು ಹೋಗುತ್ತಿದ್ದಳು.

ಅವಳ ಅತ್ತಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ ಇಟ್ಟಿದ್ದಳು. "ಗೋಡೆ ನೋಡ್ಕೊಂಡು ಕೂರೋ ಬದಲು ಬಂದು ಗುಂಡಿ ಹೊಲಿ" ಎಂದು ನಾದಿನಿಯನ್ನು ಕರೆದುಕೊಂಡು ಹೋದಳು. ಹಿಂದಿನ ಕೋಣೆಯಲ್ಲಿ ರೆಕಾರ್ಡ್ ಪ್ಲೇಯರ್ ಇತ್ತು. ಅತ್ತಿಗೆಗೆ ಅಮೆರಿಕದ ಜಾಝ್ ಹಾಡಿನ ಹುಚ್ಚು; ಒಬ್ಬ ಗಾಯಕಿಯ ರೆಕಾರ್ಡ್ ಹಾಕಿದಳು. ಎದ್ದು ಹೋಗೋಣವೆಂದರೆ ನಾದಿನಿಯ ಮಡಿಲ ತುಂಬ ಅಂಗಿಗಳು.

"ಅತ್ತಿಗೆ, ಇವಳು ತಾಳ ತಪ್ತಿದ್ದಾಳೆ."

"ತಪ್ಪಿಲ್ಲ ಕಣೇ. ತಾಳಾನ ಮುಂದೆ ಕಳಿಸಿ ತಾನು ನಿಧಾನವಾಗಿ ಬರ್ತಿದ್ದಾಳೆ, ನಿಮ್ಮಣ್ಣ ರೈಲಿಗೆ ಹೊರಟ ಹಾಗೆ. ಆದ್ರೆ ಇವಳಿಗೆ ರೈಲು ತಪ್ಪಲ್ಲ."

ನಾದಿನಿಗೆ ನಗು ಬಂತು. ಮರುದಿನ ತಾನಾಗಿಯೇ ಬಂದಳು.

ಅತ್ತಿಗೆ ಹಳೆಯದರಿಂದ ಶುರುಮಾಡಿದಳು. ಅಲ್ಲಿ ಗುಲಾಮರಾಗಿ ದುಡಿದ ಕಪ್ಪು ಜನ ಹೊಲದಲ್ಲಿ, ಆಮೇಲೆ ಚರ್ಚಿನಲ್ಲಿ, ಒಬ್ಬರು ಕರೆದರೆ ಹತ್ತು ಮಂದಿ ಓಗೊಟ್ಟು ಹಾಡುತ್ತಿದ್ದರು; ಜಾಝ್ ಬೇರು ಬಿಟ್ಟದ್ದು ಅಲ್ಲಿ ಎಂದಳು. ಒಂದು ರೆಕಾರ್ಡಿನಲ್ಲಿ ಮೈಕ್ ಇಲ್ಲದ ಕಾಲದ ಗಾಯಕಿ ಸಭೆಯ ಕೊನೆಯ ಸಾಲಿನವರೆಗೂ ಮುಟ್ಟಲೆಂದು ಎದೆ ಬಿರಿಯುವಂತೆ ಹಾಡಿದ್ದಳು. ಅದರ ಬೆನ್ನಿಗೇ ಅತ್ತಿಗೆ ಮೈಕ್ ಬಂದ ಮೇಲಿನ ರೆಕಾರ್ಡ್ ಹಾಕಿದಳು: ಕಿವಿಯಲ್ಲಿ ಗುಟ್ಟು ಹೇಳಿದ ಹಾಗೆ. ನಾದಿನಿಯ ಸೂಜಿ ನಿಂತಿತು. ಇನ್ನೊಬ್ಬಳು ಪದಗಳನ್ನೇ ಬಿಟ್ಟು 'ದಬಿ ದುಬಿ' ಎನ್ನುತ್ತ ಹೋದಳು.

"ಪದ ಮರೆತುಹೋಯ್ತಾ ಇವಳಿಗೆ?"

"ತುತ್ತೂರಿಗೆ ಪದ ಬೇಕೇನೇ? ಇವಳೀಗ ತುತ್ತೂರಿ."

ಒಂದು ಮಧ್ಯಾಹ್ನ ಅತ್ತಿಗೆ ಒಂದೇ ಹಾಡನ್ನು ಎರಡು ಸಲ ಕೇಳಿಸಿದಳು, ಹಾಡಿದವಳೂ ಒಬ್ಬಳೇ. ಮೊದಲನೆಯದು ಅವಳ ಎಳೆವಯಸ್ಸಿನದು, ಗಾಜಿನಂಥ ದನಿ. ಎರಡನೆಯದು ಕೊನೆಗಾಲದ್ದು. ದನಿಯಲ್ಲಿ ಅರ್ಧ ಉದುರಿಹೋಗಿತ್ತು; ಉಳಿದರ್ಧದಲ್ಲಿ ಪ್ರತಿ ಮಾತನ್ನೂ ತೂಗಿ ಇಡುತ್ತಿದ್ದಳು. ಮೊದಲ ಸಲ ಅದು ಸುಂದರವಾದ ಹಾಡು. ಎರಡನೇ ಸಲ, ಅವಳಿಗೇ ನಡೆದುಹೋದ ಸಂಗತಿ.

"ಇನ್ನೊಂದು ಸಲ ಹಾಕಿ ಅತ್ತಿಗೆ."

ಆ ವಾರವೆಲ್ಲ ಅವಳು ಆ ಮುದುಕಿಯಂತೆಯೇ ಗೊಗ್ಗರು ದನಿಯಲ್ಲಿ ಗುನುಗಿದಳು. ಅತ್ತಿಗೆ ಇಸ್ತ್ರಿಪೆಟ್ಟಿಗೆ ನಿಲ್ಲಿಸಿ ಹೇಳಿದಳು: "ಅದು ಅವಳ ಗಂಟಲು. ಬಾಡಿಗೆಗೆ ಯಾಕೆ ತರ್ತೀಯ? ನಿಂದು ಮನೇಲೇ ಇದೆಯಲ್ಲ."

ನಾದಿನಿಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ತಂಡದ ಹಳೆಯ ಹಾಡೊಂದನ್ನು ಎತ್ತಿಕೊಂಡಳು, ಬಹಳ ಕೆಳಗಿನಿಂದ. ದನಿ ಒಡೆಯುವ ಜಾಗ ಬಂದಾಗ ಓಡಿ ದಾಟಲಿಲ್ಲ. ಅಲ್ಲೇ ನಿಂತು, ಕಾದು, ಆಮೇಲೆ ಮುಂದಿನ ಪದ ಇಟ್ಟಳು.

ಕೋಟು ಒಯ್ಯಲು ಬಂದ ತಂಡದ ಮೇಷ್ಟ್ರು ಬಾಗಿಲಲ್ಲೇ ನಿಂತು ಕೇಳಿದ್ದರು. "ಚೆನ್ನಾಗಿತ್ತಮ್ಮ. ಆದ್ರೆ ನಾವು ಹಾಡೋ ಹಾಡು ಇದಲ್ಲ" ಎಂದರು, ನೋವಾಗದಂತೆ.

"ಹೌದು ಸಾರ್, ಅಲ್ಲ," ಎಂದಳು. ಹೇಳಿದ ಮೇಲೆ ಎದೆ ಹಗುರಾದದ್ದು ಅವಳಿಗೇ ಆಶ್ಚರ್ಯ.

ತಂಡಕ್ಕೆ ಅವಳು ಮರಳಲಿಲ್ಲ. ರಸ್ತೆಯ ತಿರುವಿನ ಹೋಟೆಲಿನಲ್ಲಿ ಸಂಜೆ ಪಿಯಾನೋ ನುಡಿಸುವವನೊಬ್ಬನಿದ್ದ. ಭಾನುವಾರ ಅತ್ತಿಗೆಯನ್ನು ಜೊತೆಗೆ ಕರೆದುಕೊಂಡು ಅವನ ಬಳಿ ಹೋಗಿ ನಿಂತಳು.

"ಯಾವ ಶ್ರುತಿ ಮೇಡಂ?"

ಶ್ರುತಿಯ ಹೆಸರು ಹೇಳಲು ಅವಳಿಗೆ ತಿಳಿಯಲಿಲ್ಲ. ಈ ದನಿ ಅವಳಿಗೂ ಹೊಸದು. ಮೆಲ್ಲಗೆ ಗುನುಗಿದಳು. ಅವನು ತಲೆ ಓರೆಮಾಡಿ ಕೇಳಿ, ಪಿಯಾನೋ ಮಣೆಗಳಲ್ಲಿ ಕೆಳಗೆ, ಇನ್ನೂ ಕೆಳಗೆ ಹುಡುಕುತ್ತ ಹೋಗಿ, ಒಂದು ಕಡೆ ಬೆರಳು ನಿಲ್ಲಿಸಿದ.