ಭರಮಪ್ಪ ಹೊಲಿದ ಕುರ್ಚಿ

ಆಡೂರಿನ ಭರಮಪ್ಪ ತನ್ನ ಅಕ್ಕನ ಗಂಡ ಮನೆಗೆ ಬಂದಾಗ ಕುರ್ಚಿ ಬಿಟ್ಟು ಏಳಲಿಲ್ಲವೆಂಬುದು ಎರಡು ವರ್ಷದ ಹಿಂದಿನ ಮಾತು. ಸೊಕ್ಕಿಗೆ ಏಳಲಿಲ್ಲವೆಂದು ಯಲವಿಗಿಯವರೆಗೂ ಸುದ್ದಿಯಾಯಿತು. ನಿಜ ಹೇಳಬೇಕೆಂದರೆ ಅವನಿಗೆ ಏಳುವುದಕ್ಕೇ ಆಗಿರಲಿಲ್ಲ. ಅವನಪ್ಪ ಸವಣೂರಿನ ಹರಾಜಿನಲ್ಲಿ ಹಿಡಿದು ತಂದಿದ್ದ ಆ ಮೆತ್ತನೆಯ ಕುರ್ಚಿಯ ಸ್ಪ್ರಿಂಗುಗಳು ಒಂದೊಂದಾಗಿ ಸತ್ತು, ಕೂತವರ ಮೊಣಕಾಲು ಗದ್ದಕ್ಕೆ ತಾಗುವಷ್ಟು ಕುಸಿದಿದ್ದವು. ಭರಮಪ್ಪ ಕೈಕಾಲು ಬಡಿದು ಮೇಲೆ ಬರುವಷ್ಟರಲ್ಲಿ ದ್ಯಾಮಪ್ಪ ಮಾವ ಬಸ್ಸು ಹತ್ತಿಯಾಗಿತ್ತು.

ಅಂದಿನಿಂದ ಅಕ್ಕ ಮಂಜವ್ವನಿಗೆ ತವರಿನ ದಾರಿ ಮುಚ್ಚಿತು. ಅವ್ವ ಸತ್ತ ಮೇಲೆ ಭರಮಪ್ಪನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ಅವಳಿಲ್ಲದ ಎರಡು ನಾಗರಪಂಚಮಿಗಳಲ್ಲಿ ಅವನು ಮನೆಯಲ್ಲಿ ಜೋಕಾಲಿ ಕಟ್ಟಿರಲಿಲ್ಲ, ಹಬ್ಬದ ಸಿಹಿ ಉಂಡಿಯನ್ನೂ ಬಾಯಿಗಿಟ್ಟಿರಲಿಲ್ಲ.

ಎಪ್ಪತ್ತೊಂಬತ್ತರ ಪಂಚಮಿಗೆ ಎಂಟು ದಿನವಿರುವಾಗ ಅಕ್ಕನ ಕಾಗದ ಬಂತು. “ಇವರು ಬಾಗಿಲತನಾ ಬರ್ತಾರಂತ. ನೀ ಎದ್ದು ಕಾಲಿಗೆ ನೀರು ಕೊಟ್ರ ಒಳಗ ಬರ್ತಾರ. ಇಲ್ಲಂದ್ರ ನನ್ನ ಕರಕೊಂಡು ಅದ ಬಸ್ಸಿಗೆ ತಿರುಗ್ತಾರ. ತಮ್ಮಾ, ಈ ಸಲನಾರ ಏಳಪಾ.”

ಭರಮಪ್ಪ ಕಾಗದವನ್ನು ಮೂರು ಸಲ ಓದಿಸಿಕೊಂಡ. ಮಾವ ಬಂದರೆ ಆ ಕುರ್ಚಿಯಲ್ಲೇ ಕೂರಿಸಬೇಕು, ಅದೂ ಹೊಸದರಂತೆ ಮಾಡಿ ಕೂರಿಸಬೇಕು ಎಂದು ಹಟ ಹಿಡಿದ.

“ಹಾನಗಲ್ಲ ಮಲ್ಲಿಕಸಾಬಗ ಕೊಡ್ರಿ. ಗಾದಿ ಹೊಲಿಯಾಂವ, ಅವಗ ಗೊತ್ತಿರತೈತಿ” ಎಂದಳು ಹೆಂಡತಿ ಸರೋಜವ್ವ.

“ಮೂವತ್ತು ವರ್ಷ ಚೀಲದ ಬಾಯಿ ಹೊಲದೇನಿ. ಒಂದ ಕಾಳು ಹೊರಗ ಬಿದ್ದಿಲ್ಲ. ಕುರ್ಚಿ ಅಂದ್ರ ಏನು, ಕಾಲಿದ್ದ ಚೀಲ.”

ಸುತಳಿ ತರಲು ಹಾನಗಲ್ಲಿಗೆ ಹೋದಾಗ ಮಲ್ಲಿಕಸಾಬನೇ ಸಿಕ್ಕಿ, ಅಂಚಿಗೆ ಮೊಳೆ ಹೊಡೆಯಬೇಕು, ಹೊಲಿಯಬಾರದು ಎಂದು ಬಿಡಿಸಿ ಹೇಳಿದ. ಭರಮಪ್ಪ ತಲೆಯಾಡಿಸಿದ. ತಲೆಯಾಡಿಸುವುದಕ್ಕೂ ಕೇಳುವುದಕ್ಕೂ ಅವನ ಮಟ್ಟಿಗೆ ಸಂಬಂಧವಿರಲಿಲ್ಲ.

ಹಳೆಯ ಬಟ್ಟೆ ಹರಿದಾಗ ಒಳಗಿನಿಂದ ಇಲಿಯ ಗೂಡು, ಅಪ್ಪನ ಸುಣ್ಣದ ಡಬ್ಬಿ, ಅಕ್ಕನ ಹಸಿರು ಬಳೆಯ ಚೂರು ಬಂದವು. ಧೋತರದ ಅಂಚಿನಿಂದ ಚೂರನ್ನು ಒರೆಸಿದ. ಅದನ್ನು ಅಂಗಿಯ ಕಿಸೆಗೆ ಹಾಕಿಕೊಂಡು, ಸ್ಪ್ರಿಂಗುಗಳನ್ನು ಹಿತ್ತಲಿಗೆ ಎಸೆದು, ಬಣವೆಯ ಭತ್ತದ ಹುಲ್ಲನ್ನು ತುರುಕತೊಡಗಿದ. ಇನ್ನು ಕುಸಿಯಬಾರದಲ್ಲ, ಅದಕ್ಕೆ ಮತ್ತಷ್ಟು ತುರುಕಿದ. ಹೊದಿಕೆಗೆಂದು ಸರೋಜವ್ವನ ನೀಲಿ ಪಟ್ಟಿಯ ಜಮಖಾನ ಎರಡು ತುಂಡಾಯಿತು. ಅವಳು ಉಳಿದ ಹಾಸುಬಟ್ಟೆಗಳನ್ನೆಲ್ಲ ಪೆಟ್ಟಿಗೆಗೆ ಹಾಕಿ ಬೀಗ ಜಡಿದಳು.

ಹುಲ್ಲು ತುರುಕಿ, ಹಿಂದಿನ ಮಗ್ಗುಲು ಹೊಲಿದು ಮುಗಿಸುವುದರಲ್ಲಿ ವಾರ ಕಳೆಯಿತು. ಮಾವ ಬರುವ ದಿನ ಬೆಳಿಗ್ಗೆ ಮುಂದಿನ ಅಂಚು ಮಾತ್ರ ಉಳಿದಿತ್ತು. ಹುಲ್ಲು ಗುಡ್ಡದಂತೆ ಉಬ್ಬಿ, ಜಮಖಾನ ಎಷ್ಟು ಎಳೆದರೂ ಅಂಚಿಗೆ ಗೇಣುದ್ದ ಕಡಿಮೆ ಬೀಳುತ್ತಿತ್ತು. ಚೀಲ ಉಬ್ಬಿದರೆ ಮೇಲೆ ಕೂತು ಹೊಲಿಯುವುದು ಅವನ ಪದ್ಧತಿ. ಕುರ್ಚಿಯ ಮೇಲೂ ಹಾಗೇ ಕೂತ. ಬಾಗಿ, ಎರಡು ಕಾಲಿನ ನಡುವೆ ಕೈ ಹಾಕಿ, ಜಮಖಾನವನ್ನು ಕುರ್ಚಿಯ ಅಡಿಗೆ ಬಿಗಿದಿದ್ದ ಗೋಣಿಗೆ ಸೇರಿಸಿ ದಬ್ಬಣದಿಂದ ಬಿಗಿಯತೊಡಗಿದ. ಹೊಲಿಗೆಗೊಂದು ಗಂಟು. ಒಂದು ಕತ್ತರಿಸಿದರೂ ಮುಂದಿನದು ಬಿಚ್ಚಬಾರದು, ಅದೇ ಅವನ ಕೈಯ ಹೆಚ್ಚುಗಾರಿಕೆ. ಕೊನೆಯ ಗಂಟು ಹಾಕಿ, ಸುತಳಿಯನ್ನು ಹಲ್ಲಿನಿಂದ ಕಡಿದು, ನೆಮ್ಮದಿಯ ಉಸಿರು ಬಿಟ್ಟ.

ಅಷ್ಟರಲ್ಲಿ ಹೊರಗೆ ಯಾರೋ ಕೆಮ್ಮಿದರು. ಮಧ್ಯಾಹ್ನದ ಬಸ್ಸಿಗೆ ಬರಬೇಕಾದ ದ್ಯಾಮಪ್ಪ ಹತ್ತರ ಬಸ್ಸಿಗೇ ಬಂದಿದ್ದ.

ಭರಮಪ್ಪ ಏಳಹೋದ. ಏಳಲಾಗಲಿಲ್ಲ.

“ಬಂದ್ರು, ಏಳ್ರಿ” ಎನ್ನುತ್ತ ಸರೋಜವ್ವ ಉಂಡಿ ಕಟ್ಟುತ್ತಿದ್ದ ಕೈಯಲ್ಲೇ ಓಡಿಬಂದಳು.

“ಏಳಾಕ ಬರವಲ್ದು. ಹೊಲದೇನಿ.”

“ಏನನ್ನ?”

“ನನ್ನ.”

ಸರೋಜವ್ವ ಬಾಗಿ ನೋಡಿದಳು. ಧೋತರದ ಅಂಚು ಎಡದಿಂದ ಬಲಕ್ಕೆ, ಹನ್ನೊಂದು ಗಂಟುಗಳಲ್ಲಿ, ಜಮಖಾನದ ಜೊತೆ ಒಂದಾಗಿತ್ತು. ಕತ್ತರಿ ಹುಡುಕುವಷ್ಟು ಹೊತ್ತಿರಲಿಲ್ಲ. ಧೋತರ ಬಿಟ್ಟು ಎದ್ದರೆ ಅದು ಬೇರೆಯೇ ಜಗಳವಾಗುತ್ತಿತ್ತು.

ದ್ಯಾಮಪ್ಪ ಹೊಸ್ತಿಲಾಚೆ ನಿಂತು ಒಳಗೆ ನೋಡಿದ. ಅದೇ ಮನುಷ್ಯ, ಅದೇ ಕುರ್ಚಿ. ಅವನ ಮೀಸೆ ಬಿಗಿಯಿತು. “ನಡಿ ಮಂಜವ್ವ” ಎಂದು ತಿರುಗಿದ. ಹಿಂದೆ ಚೀಲ ಹಿಡಿದು ನಿಂತಿದ್ದ ಅಕ್ಕನ ಕಣ್ಣು ತುಂಬಿತು. ಆ ಕಣ್ಣು ಭರಮಪ್ಪನಿಗೆ ಕಂಡಿತು.

ಅವನು ಕುರ್ಚಿಯ ಎರಡೂ ತೋಳು ಹಿಡಿದು, ಹಲ್ಲು ಕಚ್ಚಿ, ಮೂಟೆ ಎತ್ತುವವನಂತೆ ಕುರ್ಚಿ ಸಮೇತ ಎದ್ದ. ನಾಲ್ಕು ಕಾಲುಗಳು ಹಿಂದೆ ಚಾಚಿಕೊಂಡವು. ಬೆನ್ನು ಬಗ್ಗಿಸಿಕೊಂಡೇ ಬಾಗಿಲಿನವರೆಗೆ ನಡೆದ. ದಾರಿಯಲ್ಲಿ ಕುರ್ಚಿಯ ಕಾಲು ತಗಲಿ ಉಂಡಿಯ ಪರಾತ ಉರುಳಿತು. ಒಂದು ಕೈ ಬಿಟ್ಟು, ಕಟ್ಟೆಯ ಮೇಲಿದ್ದ ನೀರಿನ ತಂಬಿಗೆಯನ್ನು ಎತ್ತಿಕೊಂಡ.

“ಮಾವಾರ, ಕಾಲಿಗೆ ನೀರು ತಗೋರಿ.”

ದ್ಯಾಮಪ್ಪ ತಿರುಗಿದ. ಸಂತೆಯಲ್ಲಿ ಕೊಳ್ಳುವ ಎತ್ತನ್ನು ನೋಡುವಂತೆ ಭರಮಪ್ಪನನ್ನು ಒಂದು ಸುತ್ತು ಹಾಕಿ ನೋಡಿದ. ಬಾಗಿ ಹೊಲಿಗೆಯನ್ನು ಬೆರಳಿನಿಂದ ಎಳೆದ. ಅದು ಮಿಸುಕಲಿಲ್ಲ.

“ಆವತ್ತೂ ಹಿಂಗ ಸಿಕ್ಕೊಂಡಿದ್ದೇನು?”

“ಆವತ್ತ ಮುಳುಗಿದ್ನಿರಿ. ಇವತ್ತ ಹೊಲಕೊಂಡೇನಿ.”

ಮಂಜವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಎರಡೂ ಇತ್ತು.

ದ್ಯಾಮಪ್ಪ ತಂಬಿಗೆ ತೆಗೆದುಕೊಂಡು ನಿಧಾನವಾಗಿ ಒಂದೊಂದೇ ಕಾಲು ತೊಳೆದ. ಹೊಸ್ತಿಲು ದಾಟಿ ಒಳಗೆ ಬಂದು ರುಮಾಲು ತೆಗೆದು ಗೂಟಕ್ಕೆ ಹಾಕಿದ.

“ಮಂಜವ್ವ, ಚೀಲಾ ಒಳಗಿಡು” ಎಂದ. “ಈ ಹೊಲಿಗಿ ಬಿಚ್ಚಾಕ ಪಂಚಮಿ ಮುಗಿಯೂತನಾ ಹಿಡಿತೈತಿ.”